ಬೆರಳಂಕಿತ: ರೀಲು ಕ್ಯಾಮೆರಾ ಕೃತಿಗಳ ಕರ್ತೃತ್ವ ವಿಚಾರ

ಪೀಠಿಕೆ

ಕನ್ನಡ ಕವಿಗಳ ಕಾಲ, ದೇಶ, ಮತ, ಕೃತಿಗಳನ್ನು ಆರ್. ನರಸಿಂಹಾಚಾರ್ಯರು 1907ರಿಂದ 1929ರ ತನಕ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳಲ್ಲಿ ನಿರ್ಣಯಿಸಿ ಕೊಟ್ಟರು. ಕಲ್ಲಿನ ಮೇಲಿನ ಬರಹಗಳನ್ನು ಬಿ.ಎಲ್. ರೈಸ್ ಸಾಹೇಬರು ಊರೂರಿಂದ ಕಲೆಹಾಕಿ ಅಚ್ಚು ಹಾಕಿಸಿದರು. ತಾಳೆಗರಿಗಳಿಗೂ ಹೇಳುವವರು ಕೇಳುವವರು ಇದ್ದಾರೆ. ಆದರೆ 1980ರ ದಶಕದಿಂದ ಈಚೆಗೆ ಸುಮಾರು ಕಾಲು ಶತಮಾನ ಈ ನಾಡಿನ ಮನೆಮನೆಯಲ್ಲೂ ರಚಿತವಾಗಿ, ಇಂದು ಬೀರುವಿನ ಮೇಲಂತಸ್ತಿನಲ್ಲಿ ಸೀರೆ ಅಂಗಡಿಯ ಕವರಿನೊಳಗೆ ಡಾಂಬರು ಗುಳಿಗೆಯ ವಾಸನೆ ಕುಡಿಯುತ್ತ ಬಿದ್ದಿರುವ ಒಂದು ವಿಪುಲ ವಾಙ್ಮಯದ ಬಗ್ಗೆ ಪಂಡಿತರು ಇದುವರೆಗೆ ಬಾಯಿ ಬಿಟ್ಟಿಲ್ಲ. ಆ ಕೊರತೆಯನ್ನು ತುಂಬುವುದು ಈ ಪ್ರಬಂಧದ ಉದ್ದೇಶ. ತುಂಬಿಕೊಡಿ ಎಂದು ಯಾರು ಕೇಳಿದರು ಎಂಬ ಆಕ್ಷೇಪ ಸಂಶೋಧನೆಯ ಉಳಿದ ಶಾಖೆಗಳಿಗೂ ತಗಲುವುದರಿಂದ ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.

ನಮ್ಮ ಪ್ರತಿಜ್ಞೆ ಇಷ್ಟು. ಆ ಕಾಲದ ಮನೆ ಫೋಟೋಗಳ ಒಂದು ಮಗ್ಗುಲಲ್ಲಿ, ಹೆಚ್ಚಾಗಿ ಬಲಗಡೆ, ಗುಲಾಬಿಯೋ ಕಂದೋ ಎಂದು ಹೇಳಲಾಗದ ಬಣ್ಣದ ಮಸುಕು ಉಬ್ಬೊಂದು ಕಾಣುತ್ತದೆ. ಲೋಕ ಇದನ್ನು ‘ಬೆರಳು ಅಡ್ಡ ಬಂದಿದೆ’ ಎಂದು ತಳ್ಳಿಹಾಕಿದೆ. ನಮ್ಮ ಮತದಲ್ಲಿ ಅದು ಅಡ್ಡ ಬಂದದ್ದಲ್ಲ, ಅಂಕಿತ. ಬಸವಣ್ಣನವರಿಗೆ ಕೂಡಲಸಂಗಮದೇವ, ಕನಕದಾಸರಿಗೆ ಕಾಗಿನೆಲೆಯಾದಿಕೇಶವ ಹೇಗೋ ನಮ್ಮ ದೊಡ್ಡಪ್ಪನಿಗೆ ಬಲಗೈಯ ನಡುಬೆರಳು ಹಾಗೆ. ಈ ಅಂಕಿತವನ್ನು ಹಿಡಿದು ಹೊರಟರೆ ಯಾವ ಫೋಟೋ ಯಾರ ಕೃತಿ ಎಂದು ನಿಸ್ಸಂದೇಹವಾಗಿ ಹೇಳಬಹುದು. ಅದರಿಂದ ಏನು ಪ್ರಯೋಜನ ಎಂಬುದನ್ನು ಮುಂದೆ ಎಲ್ಲಿಯೂ ಹೇಳಿಲ್ಲ.

ಆಕರಗಳು

ಆಕರಗಳು ಮೂರು ಬಗೆ. ಒಂದು, ರೀಲು ತೊಳೆಸಿದ್ದಕ್ಕೆ ಸ್ಟುಡಿಯೋದವರು ಬಿಟ್ಟಿ ಕೊಟ್ಟ, ರಕ್ಷಾಪುಟದಲ್ಲಿ ಹಿಮದ ಬೆಟ್ಟವೋ ಜೋಡಿ ಹಂಸವೋ ಇರುವ ತೆಳು ಆಲ್ಬಂಗಳು. ಎರಡು, ಅಂಟುಹಾಳೆಯ ದೊಡ್ಡ ಆಲ್ಬಂ. ಇದರಿಂದ ಫೋಟೋ ಬಿಡಿಸಲು ಹೋದವರು ಅರ್ಧ ತಾತನನ್ನು ಕಳೆದುಕೊಂಡಿದ್ದಾರೆ. ಮೂರು, ಮೇಲೆ ಹೇಳಿದ ಕವರಿನೊಳಗಿನ ನೆಗೆಟಿವ್ ಪಟ್ಟಿಗಳು.

ಇವುಗಳಲ್ಲಿ ಆಲ್ಬಂ ನಂಬಲು ಅನರ್ಹ. ಮದುವೆ ಮುಗಿದ ವಾರ ಬಂದ ನೆಂಟರೆಲ್ಲ ಪ್ರಿಂಟುಗಳನ್ನು ಕೈಯಿಂದ ಕೈಗೆ ದಾಟಿಸಿ ಕ್ರಮ ಕೆಡಿಸಿದ್ದಾರೆ. ಸೋದರತ್ತೆಯಂಥ ಸಂಪಾದಕರು ತಮ್ಮ ಗಲ್ಲ ದಪ್ಪ ಕಾಣುವ ಪಾಠಗಳನ್ನು ಸದ್ದಿಲ್ಲದೆ ಕಿತ್ತುಹಾಕಿದ್ದಾರೆ. ಮೂಲಪ್ರತಿ ಎಂದರೆ ನೆಗೆಟಿವ್ ಒಂದೇ. ಅದರ ಅಂಚಿನಲ್ಲಿ ಫಿಲ್ಮ್ ಕಾರ್ಖಾನೆಯಲ್ಲೇ ಮೂಡಿಸಿ ಕಳಿಸಿದ 1, 1ಎ, 2, 2ಎ ಎಂಬ ಸಂಖ್ಯೆಗಳಿದ್ದು, ತೊಳೆದಾಗ ಚಿತ್ರದ ಜೊತೆಗೇ ಎದ್ದು ಬರುತ್ತವೆ. ಈ ಸಂಖ್ಯೆಗಳನ್ನು ಯಾವ ಅತ್ತೆಯೂ ತಿದ್ದಲಾರಳು. ಓದುವ ಕ್ರಮ: ಪಟ್ಟಿಯ ಅಂಚು ಹಿಡಿದು ಟ್ಯೂಬ್‌ಲೈಟಿಗೆ ಎದುರಾಗಿ ನಿಲ್ಲುವುದು. ಅಭ್ಯಾಸವಿಲ್ಲದವರು ಮೊದಮೊದಲು ಗಾಬರಿಯಾಗುತ್ತಾರೆ, ಏಕೆಂದರೆ ಅಲ್ಲಿ ಅಜ್ಜಿಯ ತಲೆ ಕಪ್ಪು, ಮೊಮ್ಮಕ್ಕಳದೇ ನರೆ. ಎಲ್ಲರ ಹಲ್ಲೂ ಹೊಗೆಸೊಪ್ಪು ಹಾಕಿದಂತಿರುತ್ತದೆ. ವಾರದೊಳಗೆ ಕಣ್ಣು ಒಗ್ಗುತ್ತದೆ. ಆಮೇಲೆ ನೆಂಟರನ್ನು ನೇರವಾಗಿ ನೋಡಿದಾಗ ಗುರುತು ಹತ್ತುವುದಿಲ್ಲ.

ಯಂತ್ರವಿಚಾರ

ಯಂತ್ರದ ವಂಶಾವಳಿಯನ್ನು ಬೇಗ ಮುಗಿಸೋಣ. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ನೂರು ಫೋಟೋಗಳ ರೀಲು ತುಂಬಿದ ಕೊಡಕ್ ಪೆಟ್ಟಿಗೆಯನ್ನು ಮಾರಿದ. ನೂರೂ ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಂಪನಿಗೆ ಕಳಿಸಬೇಕಿತ್ತು. ನಮ್ಮ ದೊಡ್ಡಪ್ಪನ ಕೈಗೆ ಅದು ಸಿಕ್ಕಿದ್ದರೆ ಇನ್ನೂ ಕಳಿಸಿರುತ್ತಿರಲಿಲ್ಲ. ಜರ್ಮನಿಯ ಆಸ್ಕರ್ ಬಾರ್ನಾಕ್ ಸಿನಿಮಾದ ಫಿಲ್ಮನ್ನು ಅಂಗೈಯಗಲದ ಕ್ಯಾಮೆರಾಕ್ಕೆ ಒಗ್ಗಿಸಿದ, ಅದು 1925ರಲ್ಲಿ ಲೈಕಾ ಎಂಬ ಹೆಸರಿನಿಂದ ಪೇಟೆಗೆ ಬಂತು. ಆ 35 ಮಿಲಿಮೀಟರ್ ಫಿಲ್ಮನ್ನು ಹಗಲಲ್ಲೇ ಹಾಕಬಹುದಾದ ಪುಟ್ಟ ಡಬ್ಬಿಗೆ ಸುತ್ತಿ ಕೊಡಕ್‌ನವರು ಮಾರಿದ್ದು 1934ರಲ್ಲಿ. 1975ರ ಕೊನಿಕಾ ಸಿ35 ಇಎಫ್‌ಗೆ ಫ್ಲ್ಯಾಶು ಮೈಯೊಳಗೇ ಬಂದು ಕೂತಿತು. 1977ರ ಸಿ35 ಎಎಫ್ ಫೋಕಸನ್ನೂ ತಾನೇ ಮಾಡಿಕೊಂಡಿತು. ಮನುಷ್ಯನಿಗೆ ಉಳಿದದ್ದು ಗುರಿಯಿಟ್ಟು ಗುಂಡಿ ಒತ್ತುವುದು ಮಾತ್ರ. ಅಷ್ಟರಲ್ಲೇ ಎಷ್ಟು ಕೆಡಿಸಬಹುದು ಎಂಬುದನ್ನು ತೋರಿಸಿಕೊಟ್ಟದ್ದು ನಮ್ಮ ಜನ.

ನಮ್ಮ ಕಡೆ ಮೊದಲು ಆಗ್ಫಾ ಕ್ಲಿಕ್-3 ಇತ್ತು, ರೀಲಿಗೆ ಹನ್ನೆರಡೇ ಚೌಕ ಫೋಟೋ. ಆಮೇಲೆ ಹಾಟ್‌ಶಾಟ್, ಯಾಶಿಕಾ ಎಂಎಫ್-2, ಕೊಡಕ್ ಕೆಬಿ-10 ಮುಂತಾದವು ಮನೆ ಹೊಕ್ಕವು. ದೊಡ್ಡಪ್ಪನದು ಯಾವ ಕಂಪನಿಯದು ಎಂಬುದು ಅನಿರ್ಣೀತ. ವರ್ಷವರ್ಷ ಆಯುಧಪೂಜೆಯಲ್ಲಿ ಸ್ಕೂಟರು, ಹೊಲಿಗೆ ಮಿಷಿನ್ನು, ಈಳಿಗೆಮಣೆಗಳ ಸಾಲಿನಲ್ಲಿ ಅದನ್ನೂ ಇಟ್ಟು ಗಂಧ ಕುಂಕುಮ ಹಚ್ಚಿದ್ದರಿಂದ ಹೆಸರಿದ್ದ ಜಾಗ ಮುಚ್ಚಿಹೋಗಿದೆ. ಒಂದು ವರ್ಷ ಕುಂಕುಮ ಕಣ್ಣಿನ ಗಾಜಿಗೂ ಬಿದ್ದಿತ್ತು. ನವರಾತ್ರಿಯಿಂದ ಸಂಕ್ರಾಂತಿಯ ತನಕದ ಆ ಸಾಲಿನ ಫೋಟೋಗಳಲ್ಲಿ ಕಾಣುವ ಕೆಂಬಣ್ಣದ ಮಂಜಿಗೆ ಇದೇ ಕಾರಣ. ಫೋಟೋಗಳ ಕಾಲನಿರ್ಣಯದಲ್ಲಿ ಈ ಕುಂಕುಮಪದರ ನಮಗೆ ತುಂಬ ಸಹಾಯಕವಾಗಿದೆ.

ಯಂತ್ರಕ್ಕೆ ಅಂಗಗಳು ಮೂರು: ನೋಡುವ ಕಿಂಡಿ, ಹಿಡಿಯುವ ಕಣ್ಣು, ಒತ್ತುವ ಗುಂಡಿ. ಅಗ್ಗದ ಮಾದರಿಗಳಲ್ಲಿ ಕಣ್ಣಿನ ಗಾಜು ಹಿಂದೆ ಮುಂದೆ ಸರಿಯುವುದಿಲ್ಲ. ಸುಮಾರು ಒಂದೂವರೆ ಮೀಟರಿನಾಚೆಗೆ ನಿಂತವರೆಲ್ಲ ಅದಕ್ಕೆ ಹೆಚ್ಚುಕಡಿಮೆ ಒಂದೇ. ಗೀತೆ ಓದಿದವರು ಇದನ್ನು ಸಮದರ್ಶಿತ್ವ ಎನ್ನಬಹುದು. ಅದಕ್ಕಿಂತ ಹತ್ತಿರ ಬಂದವರು ಮಾತ್ರ ಮಸುಕಾಗುತ್ತಾರೆ. ತೊಟ್ಟಿಲಿನ ಕೂಸಿನ ಮುಖವನ್ನು ತುಂಬ ಪ್ರೀತಿಯಿಂದ ಬಗ್ಗಿ ತೆಗೆದ ಫೋಟೋಗಳಲ್ಲಿ ಹಿಂದಿನ ಗೋಡೆಯ ಸುಣ್ಣ ಸ್ಪಷ್ಟವಾಗಿ ಬಂದಿರುವುದು ಇದರಿಂದ.

ಮೂವತ್ತಾರರ ಅರ್ಥಶಾಸ್ತ್ರ

ರೀಲಿನ ದುಡ್ಡು ಬೇರೆ, ತೊಳೆಸುವ ದುಡ್ಡು ಬೇರೆ, ಪ್ರಿಂಟಿಗೆ ಒಂದೊಂದಕ್ಕೂ ಮತ್ತೆ ಬೇರೆ. ಹೀಗಾಗಿ ಗುಂಡಿಯನ್ನು ಒಂದು ಸಲ ಒತ್ತಿದರೆ ಜೇಬಿಗೆ ಮೂರು ಸಲ ಕೈ ಹೋಗುತ್ತಿತ್ತು. ‘ರೀಲು ದಂಡ’ ಎಂಬ ಮಾತು ಆ ಕಾಲದ ನೀತಿಶಾಸ್ತ್ರದ ಸಾರಸರ್ವಸ್ವ. ಬೆಟ್ಟ ಬಂದರೆ ‘ಅದರ ಮುಂದೆ ಯಾರಾದರೂ ನಿಂತ್ಕೊಳ್ಳಿ, ಬರೀ ಬೆಟ್ಟ ತೆಗೆದರೆ ರೀಲು ದಂಡ’. ಜೋಗದ 253 ಮೀಟರಿನ ಧಾರೆಯ ಮುಂದೆಯೂ ಇದೇ ನಿಯಮ. ಆದ್ದರಿಂದ ನಮ್ಮ ಸಂಗ್ರಹದಲ್ಲಿ ಜೋಗ ಎಂದರೆ ಸ್ವೆಟರ್ ಹಾಕಿದ ಐದು ಜನ ಮತ್ತು ಅವರ ಹಿಂದೆ ಬಿಳಿ.

ರೀಲಿನ ರಚನೆಯಲ್ಲಿ ನಾಟಕಗಳ ಹಾಗೆ ನಾಂದಿ, ಅಂಕಗಳು, ಭರತವಾಕ್ಯ ಎಂಬ ಭಾಗಗಳಿವೆ. ರೀಲು ಹಾಕಿ ಬೆನ್ನು ಮುಚ್ಚಿದ ಮೇಲೆ ಬೆಳಕು ಕಂಡ ಮೊದಲ ತುಂಡು ದಾಟಲೆಂದು ಎರಡು ಮೂರು ಸಲ ಸುಮ್ಮನೆ ಒತ್ತಬೇಕು, ಆಗ ಎಣಿಕೆಯ ಕಿಂಡಿಯಲ್ಲಿ 1 ಬರುತ್ತದೆ. ಸುಮ್ಮನೆ ಒತ್ತುವುದು ಎಂಬ ಕಲ್ಪನೆ ದೊಡ್ಡಪ್ಪನ ಸ್ವಭಾವಕ್ಕೆ ಒಗ್ಗುವಂಥದಲ್ಲ. ಸಿಕ್ಕರೆ ಒಂದು ಫೋಟೋ ಲಾಭ ಎಂದು ಆ ಒತ್ತುಗಳನ್ನೂ ತುಳಸೀಕಟ್ಟೆಗೆ ಗುರಿಯಿಟ್ಟು ಒತ್ತುತ್ತಿದ್ದರು. ಪ್ರತಿ ರೀಲಿನ ಆದಿಯಲ್ಲೂ ಅರ್ಧ ಸುಟ್ಟು ಅರ್ಧ ಉಳಿದ, ಕಿತ್ತಳೆ ಜ್ವಾಲೆಯಿಂದ ಹೊರಬರುತ್ತಿರುವ ತುಳಸಿಯ ದರ್ಶನವಾಗುವುದು ಹೀಗೆ. ಇದು ನಾಂದಿ. ಈ ಜಿಪುಣತನದಿಂದಲೇ ಮೂವತ್ತಾರರ ರೀಲಿನಲ್ಲಿ ಮೂವತ್ತೇಳು, ಅದೃಷ್ಟ ಚೆನ್ನಾಗಿದ್ದರೆ ಮೂವತ್ತೆಂಟು ಬರುತ್ತಿದ್ದವು. ಆ ಮೂವತ್ತೆಂಟನೆಯದು ಬಂದ ದಿನ ದೊಡ್ಡಪ್ಪ ಕಾಫಿಗೆ ಸಕ್ಕರೆ ಹೆಚ್ಚು ಹಾಕಿಸಿಕೊಳ್ಳುತ್ತಿದ್ದರು.

ಅಂಕಗಳೆಂದರೆ ನಾಮಕರಣ, ಗೃಹಪ್ರವೇಶ, ಪ್ರವಾಸ ಇತ್ಯಾದಿ. ಒಂದೇ ಸಮಾರಂಭಕ್ಕೆ ರೀಲು ಪೂರ್ತಿ ಸುರಿಯುವುದು ದುಂದು. ಆದ್ದರಿಂದ ಒಂದು ರೀಲು ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಗೆ ಸಾಗುತ್ತಿತ್ತು. ನೆಗೆಟಿವಿನ ಒಂದು ಪಟ್ಟಿಯಲ್ಲಿ ತೊಟ್ಟಿಲಲ್ಲಿ ಮಲಗಿರುವ ಕೂಸು ಪಕ್ಕದ ಚೌಕದಲ್ಲೇ ಎದ್ದು ನಿಂತು ಕೇಕು ಕತ್ತರಿಸುತ್ತಿದೆ. ನಡುವೆ ಅದು ಮಗುಚಿದ್ದಕ್ಕೆ, ಕೂತದ್ದಕ್ಕೆ, ಅಂಬೆಗಾಲಿಟ್ಟಿದ್ದಕ್ಕೆ ಆಧಾರವಿಲ್ಲ. ಪುರಾಣಪುರುಷರು ಹುಟ್ಟಿದ ಕೂಡಲೆ ಎದ್ದು ನಡೆದರು ಎಂಬ ಕಥೆಗಳ ಮೂಲವನ್ನು ಇಲ್ಲಿ ಹುಡುಕಬಹುದು.

ಇನ್ನು ಭರತವಾಕ್ಯ. ಮೂವತ್ತರ ಹತ್ತಿರ ಬಂದ ರೀಲು ಯಾವುದೋ ಮದುವೆಯ ಫೋಟೋಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿರುತ್ತದೆ, ಬೀಗರು ಪ್ರಿಂಟು ಕೇಳುತ್ತಿರುತ್ತಾರೆ, ನಡುವೆ ತೆಗೆದು ತೊಳೆಸಿದರೆ ಉಳಿದ ಆರು ದಂಡ. ಆಗ ಒಂದು ಭಾನುವಾರ ಮನೆಯಲ್ಲಿ ‘ರೀಲು ಮುಗಿಸುವ’ ಕಾರ್ಯ ನಡೆಯುತ್ತಿತ್ತು. ನಾಯಿ, ಟೀವಿಯಲ್ಲಿ ಬರುತ್ತಿದ್ದ ಕ್ರಿಕೆಟ್ಟು (ಪ್ರಿಂಟಿನಲ್ಲಿ ಇದು ಅಡ್ಡಪಟ್ಟಿಯಾಗಿ ಬಂದಿದೆ), ಎದುರು ಮನೆಯ ತೆಂಗಿನಮರ, ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿರುವ ಅಜ್ಜಿ. ‘ಅಯ್ಯೋ, ನನ್ನ್ಯಾಕೋ ತೆಗೀತೀಯ, ರೀಲು ದಂಡ’ ಎಂದು ಕೈ ಅಡ್ಡ ಹಿಡಿದ ಅಜ್ಜಿಯನ್ನು ಹಾಗೆಯೇ ತೆಗೆಯಲಾಗಿದೆ. ಮದುವೆ ಮುಂಜಿಗಳ ಸಾಲುಸಾಲು ಫೋಟೋಗಳಲ್ಲಿ ಅಜ್ಜಿ ಪಾಸ್‌ಪೋರ್ಟಿಗೆ ಕೂತವರಂತೆ ಕೂತಿದ್ದಾರೆ. ಅವರು ಮಾತಾಡುತ್ತಿರುವುದು ಈ ದಂಡದ ಫೋಟೋದಲ್ಲಿ ಮಾತ್ರ. ವಿದ್ವಾಂಸರು ಸಮಾರಂಭದ ಫೋಟೋಗಳಿಗೆ ಕೊಟ್ಟಷ್ಟು ಗಮನವನ್ನು ಭರತವಾಕ್ಯಕ್ಕೆ ಕೊಡದಿರುವುದು ಸರಿಯಲ್ಲ ಎಂದು ನಮ್ಮ ಖಚಿತ ಅಭಿಪ್ರಾಯ.

ರೀಲು ಹೀಗೆ ವರ್ಷಗಟ್ಟಲೆ ಬೀರುವಿನಲ್ಲಿ ಕಾಲ ಕಳೆದ ಮೇಲೆ ಲ್ಯಾಬಿಗೆ ಹೋಗುತ್ತದೆ. ಅಲ್ಲಿ 1972ರಲ್ಲಿ ಬಂದ ಸಿ-41 ಎಂಬ ವಿಧಾನದ ಪ್ರಕಾರ ಮೊದಲ ರಸಾಯನದಲ್ಲಿ 37.8 ಡಿಗ್ರಿ ಶಾಖದಲ್ಲಿ ಸರಿಯಾಗಿ 3 ನಿಮಿಷ 15 ಸೆಕೆಂಡು ಇರಬೇಕು. ಕಾಲು ಡಿಗ್ರಿ ಆಚೀಚೆ ಆದರೂ ಬಣ್ಣ ಕೆಡುವ ಭಯ. ಅಷ್ಟು ಸೂಕ್ಷ್ಮದ ಪದಾರ್ಥವನ್ನು ನಾವು ಎರಡು ಬೇಸಿಗೆ ಕಾಲ ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟಿದ್ದೂ ಉಂಟು. ಆ ಸಂಪುಟದಲ್ಲಿ ಎಲ್ಲರೂ ಸ್ವಲ್ಪ ನೇರಳೆ.

ಬೆಳಕು, ನಗು ಮತ್ತು ಗೋಡೆ ಗಡಿಯಾರ

ಫ್ಲ್ಯಾಶಿಗೆ ಎರಡು ಪೆನ್ಸಿಲ್ ಸೆಲ್ಲು ಬೇಕು. ಎರಡೂ ಸೇರಿ ಮೂರು ವೋಲ್ಟು. ಒಳಗಿನ ಮಂಡಲ ಅದನ್ನು ಏರಿಸಿ ಏರಿಸಿ ಸುಮಾರು 300 ವೋಲ್ಟಿಗೆ ತಂದು ಕೆಪಾಸಿಟರಿನಲ್ಲಿ ಕೂಡಿಡುತ್ತದೆ. ಆಗ ಕೇಳುವ ‘ಕುಂ...ಯ್’ ಎಂಬ ನಾದ ಕ್ರಮೇಣ ತಾರಕಕ್ಕೇರಿ ಕಿವಿಗೆ ಕೇಳದಂತಾದಾಗ ಕೆಂಪು ದೀಪ ಹತ್ತುತ್ತದೆ. ಸೆಲ್ಲು ಹೊಸದಾದರೆ ಇದು ಕೆಲವೇ ಸೆಕೆಂಡುಗಳ ಕೆಲಸ. ದೊಡ್ಡಪ್ಪನ ಸೆಲ್ಲುಗಳು ಹೊಸದಾಗಿದ್ದ ಕಾಲ ಐತಿಹ್ಯಕ್ಕೆ ಸೇರಿದ್ದು. ಅವರು ಹಳೆಯ ಸೆಲ್ಲನ್ನು ಬಿಸಿಲಿಗೆ ಇಟ್ಟು, ಹಲ್ಲಿನಿಂದ ಕಚ್ಚಿ, ಒಂದಕ್ಕೊಂದು ಉಜ್ಜಿ ಪುನರ್ಜನ್ಮ ಕೊಡುತ್ತಿದ್ದರು.

ನಾದ ಏರುವ ಆ ಅವಧಿಯಲ್ಲಿ ಎದುರು ನಿಂತವರ ನಗುವಿಗೆ ಏನಾಗುತ್ತದೆ? ‘ರೆಡೀ’ ಎಂದಾಗ ಹುಟ್ಟಿದ ನಗು ಮೊದಲು ಹಲ್ಲಿಗೆ ಇಳಿಯುತ್ತದೆ, ಆಮೇಲೆ ದವಡೆಗೆ, ಆಮೇಲೆ ಕತ್ತಿನ ನರಕ್ಕೆ. ಕೊನೆಗೆ ಸಾಲಿನ ಹಿರಿಯರೊಬ್ಬರು ತಾಳ್ಮೆಗೆಟ್ಟು ‘ಆಯ್ತೇನೋ?’ ಎಂದು ಬಾಯಿ ತೆರೆಯುತ್ತಾರೆ. ಕೆಂಪು ದೀಪ ಹತ್ತುವುದು ಆಗ. ನಮ್ಮ ಸಂಗ್ರಹದ ಗುಂಪುಫೋಟೋಗಳಲ್ಲಿ ಯಾರಾದರೊಬ್ಬರು ‘ಆ’ಕಾರದಲ್ಲಿ ಬಾಯಿ ತೆರೆದಿರುವುದನ್ನು ಕಂಡು ಅವರು ಹಾಡುತ್ತಿದ್ದರು ಎಂದು ಊಹಿಸಿದ ಕಿರಿಯ ಸಂಶೋಧಕರಿದ್ದಾರೆ. ಆ ಮನೆತನದಲ್ಲಿ ಸಂಗೀತ ಇರಲಿಲ್ಲ.

ಕಾಲನಿರ್ಣಯಕ್ಕೆ ಸಂಬಂಧಿಸಿದ ಒಂದು ತೊಡಕನ್ನೂ ಇಲ್ಲಿಯೇ ಬಿಡಿಸಬೇಕು. ಹಾಲಿನಲ್ಲಿ ಫ್ಲ್ಯಾಶು ಹಾಕಿ ತೆಗೆದ ಫೋಟೋಗಳ ಹಿನ್ನೆಲೆಯಲ್ಲಿ ಗೋಡೆ ಗಡಿಯಾರ ಕಾಣುತ್ತದೆ. ವರಮಹಾಲಕ್ಷ್ಮಿ ಹಬ್ಬ, ಹುಟ್ಟುಹಬ್ಬ, ಆರತಕ್ಷತೆಯಿಂದ ಬಂದ ರಾತ್ರಿ, ಯಾವುದೇ ಇರಲಿ, ಒಂದೊಂದು ರೀಲಿನುದ್ದಕ್ಕೂ ಅದರಲ್ಲಿ ಸಮಯ ಬದಲಾಗಿಲ್ಲ. ನಮ್ಮ ವಂಶದಲ್ಲಿ ಶುಭಕಾರ್ಯಗಳೆಲ್ಲ ನಾಲ್ಕು ಇಪ್ಪತ್ತಕ್ಕೇ ನಡೆಯುತ್ತಿದ್ದವು, ಇದೊಂದು ಕುಲಾಚಾರದ ಮುಹೂರ್ತ ಎಂದು ವಾದಿಸಿದವರಿದ್ದಾರೆ. ವಾದ ಆಕರ್ಷಕ. ಆದರೆ ಗಡಿಯಾರಕ್ಕೂ ಬೇಕಾದ್ದು ಅದೇ ಪೆನ್ಸಿಲ್ ಸೆಲ್ಲು. ರೀಲು ಹಾಕಿದಾಗಲೆಲ್ಲ ಅದನ್ನು ಗಡಿಯಾರದಿಂದ ಕಿತ್ತು ಕ್ಯಾಮೆರಾಕ್ಕೆ ಹಾಕುತ್ತಿದ್ದರು ಎಂಬ ಪ್ರತ್ಯಕ್ಷದರ್ಶಿಗಳ ಹೇಳಿಕೆಯ ಮುಂದೆ ಆ ವಾದ ನಿಲ್ಲುವುದಿಲ್ಲ. ಇನ್ನೊಂದು ಸೆಲ್ಲು ಟೀವಿಯ ರಿಮೋಟಿನದು. ಫೋಟೋದಲ್ಲಿ ಮಕ್ಕಳ ಮುಖದ ಮೇಲಿರುವ ಸಿಟ್ಟಿನ ಕಾರಣವೂ ಇದರಿಂದ ತಿಳಿಯುತ್ತದೆ.

ಇಷ್ಟು ಕಷ್ಟಪಟ್ಟು ಹುಟ್ಟಿಸಿದ ಬೆಳಕು ಮೂರು ನಾಲ್ಕು ಮೀಟರು ಹೋಗಿ ಸುಸ್ತಾಗುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕಿಳಿಯುವುದು ಪ್ರಕೃತಿನಿಯಮ. ಈ ನಿಯಮವನ್ನು ಒಪ್ಪದ ಒಂದು ದೊಡ್ಡ ಸಮುದಾಯ ಭಾನುವಾರ ಸಂಜೆ ಮೈಸೂರು ಅರಮನೆಯ ಮುಂದೆ ಸೇರುತ್ತಿತ್ತು. ಹತ್ತಿರಹತ್ತಿರ ಒಂದು ಲಕ್ಷ ಬಲ್ಬುಗಳಿಂದ ತಾನೇ ಬೆಳಗುತ್ತಿರುವ ಅರಮನೆಗೆ ಎರಡು ಪೆನ್ಸಿಲ್ ಸೆಲ್ಲಿನ ಬೆಳಕನ್ನು ಕೂಡಿಸಲು ದೊಡ್ಡಪ್ಪನೂ ಹೋಗಿದ್ದರು. ಪ್ರಿಂಟಿನಲ್ಲಿ ಕಗ್ಗತ್ತಲು, ದೂರದಲ್ಲಿ ಮಿಣುಕುವ ಚುಕ್ಕಿಗಳ ಒಂದು ಗೆರೆ, ಮತ್ತು ನಡುಮಧ್ಯೆ ಮುಂದಿನ ಸಾಲಿನಲ್ಲಿ ನಿಂತಿದ್ದ ಅಪರಿಚಿತರೊಬ್ಬರ ಬೋಳುತಲೆ ಹುಣ್ಣಿಮೆಯ ಚಂದ್ರನಂತೆ ಬಂದಿದೆ. ಆಲ್ಬಮಿನಲ್ಲಿ ಅದರ ಕೆಳಗೆ ‘ಅರಮನೆ’ ಎಂದು ಬರೆದಿದೆ.

ಕೆಂಗಣ್ಣಿನ ಬಗ್ಗೆ ಹೆಚ್ಚು ಹೇಳುವುದು ಬೇಡ. ಫ್ಲ್ಯಾಶು ಕಣ್ಣಿನ ಗಾಜಿಗೆ ತೀರ ಹತ್ತಿರವಿದ್ದರೆ ಬೆಳಕು ಎದುರಿನವರ ಅಕ್ಷಿಪಟದ ರಕ್ತನಾಳಗಳಿಗೆ ತಾಗಿ ನೇರ ವಾಪಸು ಬರುತ್ತದೆ. ಸೋದರತ್ತೆಗೆ ಮಾತ್ರ ಅದು ಫ್ಲ್ಯಾಶಿನಿಂದಲ್ಲ ಎಂಬುದು ಅತ್ತಿಗೆಯಂದಿರ ಪರಂಪರಾಗತ ಮತ.

ಶಿರಚ್ಛೇದ ಪ್ರಕರಣ

ನೋಡುವ ಕಿಂಡಿ ಮೇಲಿದೆ, ಹಿಡಿಯುವ ಕಣ್ಣು ಎರಡು ಬೆರಳು ಕೆಳಗಿದೆ. ದೂರದವರ ವಿಷಯದಲ್ಲಿ ಈ ಅಂತರ ನಗಣ್ಯ. ಹತ್ತಿರದವರ ವಿಷಯದಲ್ಲಿ ಕಿಂಡಿ ಕಂಡದ್ದನ್ನೆಲ್ಲ ಕಣ್ಣು ಕಾಣುವುದಿಲ್ಲ. ಕಿಂಡಿಯಲ್ಲಿ ತಲೆ ಇತ್ತು, ಫೋಟೋದಲ್ಲಿ ಇಲ್ಲ. ತಯಾರಕರು ಇದಕ್ಕೆಂದೇ ಕಿಂಡಿಯೊಳಗೆ ಹತ್ತಿರದ ಫೋಟೋಗೆ ಬೇರೆ ಗೆರೆ ಹಾಕಿರುತ್ತಿದ್ದರು. ಆ ಗೆರೆಗಳನ್ನು ನಮ್ಮ ಕಡೆ ಅಲಂಕಾರ ಎಂದು ತಿಳಿಯಲಾಗಿತ್ತು. ನಮ್ಮ ಸಂಗ್ರಹದಲ್ಲಿ ಕತ್ತಿನ ತನಕ ಮಾತ್ರ ಲಭ್ಯವಿರುವ ನೆಂಟರು ಸಾಕಷ್ಟಿದ್ದಾರೆ. ಅವರನ್ನು ಸೀರೆಯ ಅಂಚಿನಿಂದ, ಹೊಟ್ಟೆಯ ಗಾತ್ರದಿಂದ, ಕೈಗಡಿಯಾರದಿಂದ ಗುರುತಿಸುವ ವಿದ್ಯೆಯಲ್ಲಿ ದೊಡ್ಡಮ್ಮನಿಗೆ ಸಾಟಿಯಿಲ್ಲ. ಒಂದು ಫೋಟೋದಲ್ಲಿ ಬರೀ ಜರಿಯಂಚು ನೋಡಿ, ‘ಇದು ನನ್ನ ಸೀರೆ, ಉಟ್ಟಿರೋಳು ನಾನಲ್ಲ’ ಎಂದು ಅವರು ಪತ್ತೆ ಹಚ್ಚಿದ್ದರಿಂದ ಎರಡು ಮನೆಗಳ ನಡುವೆ ಮಾತು ನಿಂತಿತ್ತು.

ಅಂಕಿತ ಪ್ರಕರಣ

ಈಗ ಮುಖ್ಯ ವಿಷಯ. ಪೂರ್ವಪಕ್ಷ ಹೀಗಿದೆ: ಕಿಂಡಿಯೂ ಕಣ್ಣೂ ಬೇರೆಬೇರೆ ಆದ್ದರಿಂದ ಕಣ್ಣಿಗೆ ಬೆರಳು ಅಡ್ಡವಿದ್ದರೂ ಕಿಂಡಿಯಲ್ಲಿ ನೋಡುವವನಿಗೆ ಗೊತ್ತಾಗುವುದಿಲ್ಲ, ಆದಕಾರಣ ಬೆರಳು ಅಜ್ಞಾನದ ಫಲ, ಉದ್ದೇಶದ್ದಲ್ಲ. ದೊಡ್ಡಮ್ಮ ಈ ಪಂಥದ ಆಚಾರ್ಯರು. ‘ಅಂಕಿತ ಅಂತೆ ಅಂಕಿತ. ನನ್ನ ಮಗಳ ನಿಶ್ಚಿತಾರ್ಥದಲ್ಲಿ ಬೀಗರ ಮುಖ ಪೂರ್ತಿ ಬೆರಳು’ ಎಂಬುದು ಅವರ ಪ್ರಸಿದ್ಧ ವಾಕ್ಯ.

ಸಿದ್ಧಾಂತ: ಅಜ್ಞಾನವಾದರೆ ಅದು ಪ್ರಿಂಟು ಕೈಗೆ ಬಂದ ದಿನ ನಿವಾರಣೆಯಾಗಬೇಕಿತ್ತು. ದೊಡ್ಡಪ್ಪ ಪ್ರಿಂಟು ನೋಡಿದರು, ಬೆರಳು ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು, ‘ಲ್ಯಾಬಿನವನು ಸರಿಯಾಗಿ ತೊಳೆದಿಲ್ಲ’ ಎಂದರು. ಮುಂದಿನ ರೀಲಿನಲ್ಲೂ ಬೆರಳು ಅದೇ ಜಾಗದಲ್ಲಿ ಅದೇ ವಾರೆಯಲ್ಲಿ ಬಂತು. ಕಾಕತಾಳೀಯ ಹೀಗೆ ವರ್ಷಾನುವರ್ಷ ಒಂದೇ ಕಡೆ ಬೀಳುವುದಿಲ್ಲ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನಲ್ಲಿ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿದೆ. ಅವರು ಉಳಿಯಿಂದ ಮಾಡಿದ್ದನ್ನು ಇವರು ಬೆರಳಿಂದ ಮಾಡಿದರು. ಶಿಲ್ಪಿಗಳು ಹೆಸರನ್ನು ಕಾಲ ಕೆಳಗಿಟ್ಟರು, ದೊಡ್ಡಪ್ಪ ಬೀಗರ ಮುಖದ ಮೇಲಿಟ್ಟರು ಎಂಬ ವ್ಯತ್ಯಾಸವನ್ನು ನಾವು ಅಲ್ಲಗಳೆಯುವುದಿಲ್ಲ.

ಹೋಲಿಸಿ ನೋಡಿದಾಗ ಅಂಕಿತಗಳು ಸ್ಪಷ್ಟವಾಗಿ ಬೇರೆಬೇರೆ. ದೊಡ್ಡಪ್ಪನದು ಬಲಮಗ್ಗುಲಿನ ನಡುಬೆರಳು. ಚಿಕ್ಕಪ್ಪನದು ಎಡಗೈಯ ತೋರುಬೆರಳು, ಅದರಲ್ಲಿ ಹರಳಿನ ಉಂಗುರವಿದ್ದು ಫ್ಲ್ಯಾಶಿಗೆ ಮಿಂಚಿ ಎಡಮೂಲೆಯಲ್ಲಿ ಒಂದು ದಿವ್ಯ ಜ್ಯೋತಿ ಮೂಡಿದೆ. ಈ ಫೋಟೋಗಳಲ್ಲಿ ಒಂದನ್ನು ಸೋದರತ್ತೆ ದೇವರಮನೆಯಲ್ಲಿ ಇಟ್ಟಿದ್ದರು. ದೊಡ್ಡಮ್ಮನ ಕೃತಿಗಳಲ್ಲಿ ಬೆರಳಿಲ್ಲ, ಕ್ಯಾಮೆರಾದ ಕೈಪಟ್ಟಿ ಕರಿಹಾವಿನಂತೆ ಇಳಿಬಿದ್ದಿದೆ. ಹುಡುಗರ ಕೃತಿಗಳಲ್ಲಿ ಇಡೀ ಅಂಗೈಯೇ ಬಂದಿರುವುದರಿಂದ ಹಸ್ತಸಾಮುದ್ರಿಕದ ಅಧ್ಯಯನಕ್ಕೂ ಅವಕಾಶವಿದೆ. ಫಾರಿನ್‌ನಿಂದ ಮಾವ ತಂದ ಕ್ಯಾಮೆರಾದ ಫೋಟೋಗಳಲ್ಲಿ ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು ಮೂಡುತ್ತದೆ. ಇದನ್ನು ಅಂಕಿತವೆಂದು ಒಪ್ಪಲಾಗದು; ಆ ತಾರೀಖುಗಳನ್ನು ನಂಬಿದರೆ ನಮ್ಮ ಅಕ್ಕನ ಸೀಮಂತ ಅವಳ ಮದುವೆಗೆ ಮುಂಚೆ ಬರುತ್ತದೆ.

ಕರ್ತೃತ್ವದಲ್ಲಿ ನಿಜವಾದ ಬಿಕ್ಕಟ್ಟು ಬರುವುದು ಕ್ಯಾಮೆರಾ ಒಬ್ಬರದು, ಕೈ ಇನ್ನೊಬ್ಬರದು ಆದಾಗ. ‘ಕವಿರಾಜಮಾರ್ಗ’ದ ಬಗ್ಗೆ ಇಂಥದೇ ಜಗಳವಾಯಿತು: ಬರೆದವನು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನೋ, ಅವನ ಆಸ್ಥಾನದ ಶ್ರೀವಿಜಯನೋ? ಶ್ರೀವಿಜಯ ಬರೆದ, ನೃಪತುಂಗ ಒಪ್ಪಿದ ಎಂಬಲ್ಲಿಗೆ ಬಹುಪಾಲು ವಿದ್ವಾಂಸರು ಬಂದು ನಿಂತರು. ನಮ್ಮ ಮನೆಯಲ್ಲಿ ಹಾಗೆ ನಿಲ್ಲಲಿಲ್ಲ. ಉಂಗುರದ ಜ್ಯೋತಿ ಇದ್ದರೂ ದೊಡ್ಡಪ್ಪನ ವಾದ ಒಂದೇ: ‘ರೀಲು ಯಾರದು?’

ಲುಪ್ತಕೃತಿಗಳು

ರನ್ನನ ‘ಪರಶುರಾಮಚರಿತ’, ‘ಚಕ್ರೇಶ್ವರಚರಿತ’ಗಳು ನಮಗೆ ಸಿಕ್ಕಿಲ್ಲ. ಪೊನ್ನನ ‘ಭುವನೈಕರಾಮಾಭ್ಯುದಯ’ವೂ ಹೋಯಿತು. ಈ ಸಾಲಿಗೆ ದೊಡ್ಡಪ್ಪನ ‘ಧರ್ಮಸ್ಥಳ ಸುಬ್ರಹ್ಮಣ್ಯ ಯಾತ್ರೆ’ ಸೇರುತ್ತದೆ. ರೀಲಿನ ತುದಿಯನ್ನು ಸುತ್ತುವ ಉರುಳೆಯ ಸೀಳಿಗೆ ಸರಿಯಾಗಿ ಸಿಕ್ಕಿಸದಿದ್ದರೆ ಹೆಬ್ಬೆರಳಿನಿಂದ ಚಕ್ರ ತಿರುಗಿಸಿದಷ್ಟೂ ಉರುಳೆ ತಿರುಗುತ್ತದೆ, ಫಿಲ್ಮು ಕೂತಲ್ಲೇ ಕೂತಿರುತ್ತದೆ. ತಿಳಿದವರು ಎಡಗಡೆಯ ಸುತ್ತುಹಿಡಿ ಜೊತೆಜೊತೆಗೆ ತಿರುಗುತ್ತಿದೆಯೇ ಎಂದು ನೋಡುತ್ತಾರೆ. ದೊಡ್ಡಪ್ಪ ನೇತ್ರಾವತಿಯ ಸ್ನಾನಘಟ್ಟದಲ್ಲಿ ತೆಗೆದರು, ಬಾಹುಬಲಿಯ ಬಳಿ ತೆಗೆದರು, ಕುಮಾರಧಾರೆಯಲ್ಲಿ ಎಲ್ಲರನ್ನೂ ಮೊಣಕಾಲು ನೀರಿಗಿಳಿಸಿ ತೆಗೆದರು. ಎಣಿಕೆಯ ಕಿಂಡಿ 36 ದಾಟಿದರೂ ಚಕ್ರ ತಿರುಗುತ್ತಲೇ ಇತ್ತು. ‘ಈ ಸಲದ ರೀಲು ಭೇಷಾಗಿದೆ, ಮುಗಿಯೋದೇ ಇಲ್ಲ’ ಎಂದು ಅವರು ಹಿಗ್ಗಿ ಬಸ್ಸಿನ ಕಂಡಕ್ಟರನ್ನೂ ತೆಗೆದರು.

ಸ್ಟುಡಿಯೋದವರು ‘ಸಾರ್, ಇದು ಹೊಸಾ ರೀಲೇ ಅಲ್ವಾ?’ ಎಂದು ಕೇಳಿದ್ದು ದಾಖಲಾಗಿದೆ. ಆದರೂ ಕೃತಿ ಸಂಪೂರ್ಣ ಅಳಿಯಿತು ಎನ್ನುವಂತಿಲ್ಲ. ಮೊದಲನೆಯ ಗುಣವರ್ಮನ ‘ಶೂದ್ರಕ’ ಬೇರೆಯವರ ಗ್ರಂಥಗಳ ಉದ್ಧರಣೆಗಳಲ್ಲಿ ಚೂರುಚೂರಾಗಿ ಉಳಿದಿರುವಂತೆ, ಈ ಯಾತ್ರೆ ನೆಂಟರ ಮಾತಿನಲ್ಲಿ ಉಳಿದಿದೆ. ‘ಕುಮಾರಧಾರೆಯಲ್ಲಿ ತೆಗೆದದ್ದಿತ್ತಲ್ಲ, ಅದರಲ್ಲಿ ನಾನು ಎಷ್ಟು ತೆಳ್ಳಗಿದ್ದೆ’ ಎಂದು ಸೋದರತ್ತೆ ಇಂದಿಗೂ ಹೇಳುತ್ತಾರೆ. ಯಾರೂ ನೋಡಿಲ್ಲದ ಆ ಫೋಟೋದಲ್ಲಿ ಅವರು ವರ್ಷದಿಂದ ವರ್ಷಕ್ಕೆ ಇನ್ನಷ್ಟು ತೆಳ್ಳಗಾಗುತ್ತಿದ್ದಾರೆ.

ಬೇಲೂರು ಸಮಸ್ಯೆ

ಕೊನೆಯದಾಗಿ ನಮ್ಮ ಸಿದ್ಧಾಂತಕ್ಕೆ ಸವಾಲಾಗಿ ನಿಂತಿರುವ ಒಂದೇ ಒಂದು ಫೋಟೋ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯದ ಜಗಲಿಯ ಮೇಲೆ ಇಡೀ ಕುಟುಂಬ ನಿಂತಿದೆ. ಒಂದು ತಲೆಯೂ ಹೋಗಿಲ್ಲ. ದೇವಸ್ಥಾನ ಓರೆಯಾಗಿಲ್ಲ. ಎಲ್ಲರೂ ಒಂದೇ ಕಡೆ ನೋಡುತ್ತಿದ್ದಾರೆ, ಕಣ್ಣು ತೆರೆದಿದ್ದಾರೆ. ದೊಡ್ಡಪ್ಪ ಇದ್ದಾರೆ, ಚಿಕ್ಕಪ್ಪ ಇದ್ದಾರೆ, ದೊಡ್ಡಮ್ಮ, ಸೋದರತ್ತೆ, ಅಜ್ಜಿ, ಹುಡುಗರು, ಯಾರೂ ತಪ್ಪಿಲ್ಲ. ಸಂಗ್ರಹದಲ್ಲಿ ದೊಡ್ಡಪ್ಪ ಇಡಿಯಾಗಿ ಕಾಣುವ ಫೋಟೋ ಇದೊಂದೇ. ಉಳಿದ ಕಡೆ ಅವರು ಬೆರಳಾಗಿಯೋ, ಸಂಜೆಯ ಬಿಸಿಲಲ್ಲಿ ಎಲ್ಲರ ಕಾಲಮೇಲೆ ಬಿದ್ದ ಉದ್ದನೆಯ ನೆರಳಾಗಿಯೋ ಇದ್ದಾರೆ. ಬಲಮೂಲೆಯಲ್ಲಿ, ಎಷ್ಟೋ ಅಷ್ಟೇ, ಉಗುರಿನ ತುದಿಯಷ್ಟು ಒಂದು ಬೆರಳು.

ಬೆರಳು ಯಾರದು? ದಾರಿಹೋಕರೊಬ್ಬರನ್ನು ನಿಲ್ಲಿಸಿ ‘ಸಾರ್, ಸ್ವಲ್ಪ ಒಂದು ಫೋಟೋ ತೆಗೀತೀರಾ’ ಎಂದು ಕ್ಯಾಮೆರಾ ಕೊಟ್ಟದ್ದಾಗಿ ಚಿಕ್ಕಪ್ಪನ ಸಾಕ್ಷ್ಯವಿದೆ. ಅವರು ಮೈಸೂರಿನವರೋ ಶಿವಮೊಗ್ಗದವರೋ, ಮೇಷ್ಟರೋ ಗುಮಾಸ್ತರೋ, ಕಾಲ ದೇಶ ಮತ ಒಂದೂ ತಿಳಿಯದು. ನಮ್ಮ ವಂಶದ ಸರ್ವಶ್ರೇಷ್ಠ ಕೃತಿಯ ಕರ್ತೃ ಅಜ್ಞಾತ ಎಂದು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಫೋಟೋದ ಬೆನ್ನಿಗೆ ನೀಲಿ ಬಾಲ್‌ಪೆನ್ನಿನಲ್ಲಿ ದೊಡ್ಡಪ್ಪ ತಮ್ಮ ಹೆಸರು ಬರೆದು ರುಜು ಹಾಕಿದ್ದಾರೆ. ಕೇಳಿದ್ದಕ್ಕೆ, ‘ಎಲ್ಲಿ ಒತ್ತಬೇಕು ಅಂತ ಹೇಳಿಕೊಟ್ಟವನು ನಾನು ತಾನೇ?’ ಎಂದರು. ನೃಪತುಂಗನ ಪಕ್ಷದವರು ಈ ವಾಕ್ಯವನ್ನು ಗಮನಿಸಬೇಕು.

ಬೆರಳಿನ ಅಂಚನ್ನು ದೊಡ್ಡದು ಮಾಡಿಸಿ ನೋಡದೆ ಮುಂದಕ್ಕೆ ಹೋಗುವಂತಿಲ್ಲ, ದೊಡ್ಡದು ಮಾಡಿಸಲು ನೆಗೆಟಿವ್ ಬೇಕು. ಅದನ್ನು ಒಂದು ಪ್ರಿಂಟು ಹಾಕಿಸಿಕೊಂಡು ಕೊಡುತ್ತೇನೆಂದು ಒಯ್ದ ಸೋದರತ್ತೆ ಇನ್ನೂ ಕೊಟ್ಟಿಲ್ಲ. ವಿಚಾರಿಸಿದರೆ, ಯುಗಾದಿಗೆ ಹೋಳಿಗೆ ತುಂಬಿಸಿ ಕಳಿಸಿದ್ದ ತಮ್ಮ ಸ್ಟೀಲ್ ಡಬ್ಬಿ ಮೊದಲು ವಾಪಸು ಬರಲಿ ಎನ್ನುತ್ತಾರೆ. ಡಬ್ಬಿ ಸಿಕ್ಕಿದೆ. ಮುಚ್ಚಳ ಹುಡುಕುತ್ತಿದ್ದೇವೆ.